ಕರೆಂಟು ವಾಪಸ್ ಕೊಟ್ಟವರು

ಪಕ್ಕದ ಮನೆಯವರ ದೇಹವನ್ನು ಮನೆ ಮುಂದಿನ ಶಾಮಿಯಾನದಡಿ ಇಟ್ಟಿದ್ದಾಗಲೇ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಹತ್ತರ ಹೊತ್ತು. ಹೆಣ ಇಟ್ಟಿದ್ದ ತಂಪು ಪೆಟ್ಟಿಗೆಯ ಗೊರಗೊರ ಸದ್ದು ನಿಂತಿತು, ಧ್ವನಿವರ್ಧಕದಲ್ಲಿ ಬರುತ್ತಿದ್ದ ವಚನ ಅರ್ಧಕ್ಕೆ ಕಚ್ಚಿಕೊಂಡಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನ್ನ ತಾಯಿ, ಎಂಬತ್ತಮೂರರ ಮುದುಕಿ, ಕಣ್ಣೊರೆಸಿಕೊಳ್ಳುತ್ತಲೇ, ಆ ಲೈನ್‌ಮನ್ನಿಗೆ ಒಂದು ಫೋನ್ ಮಾಡೋ ಅಂದರು. ನಾನು ವಿಧೇಯ ಮಗ. ಜೇಬಿನಿಂದ ಫೋನು ತೆಗೆದು ಮಾಡಿಯೇಬಿಟ್ಟೆ. ತೀರಿಕೊಂಡವರ ಫೋನು ಆರಡಿ ದೂರದಲ್ಲಿ ನಿಂತಿದ್ದ ಅವರ ಅಳಿಯನ ಜೇಬಿನಲ್ಲಿ ರಿಂಗಾಯಿತು. ಆತನೂ ತೆಗೆದು ಹಲೋ ಅಂದ. ಕರೆಂಟು ಹೋಗಿದೆ ಅಂದೆ. ಗೊತ್ತಾಯ್ತು ಸಾರ್ ಅಂದ. ಇಬ್ಬರೂ ಕಿವಿಗೆ ಫೋನಿಟ್ಟುಕೊಂಡು ಮುಖಾಮುಖಿ ನಿಂತಿದ್ದನ್ನು ಇಡೀ ಬೀದಿ ನೋಡಿತು.

ಹೆಣದ ತಲೆದೆಸೆಯಲ್ಲಿ ಕೂತಿದ್ದ ಅವರ ಹೆಂಡತಿ ಅಳುತ್ತಿದ್ದವರು ಫಕ್ಕನೆ ನಕ್ಕು, ಮತ್ತೆ ಇನ್ನೂ ಜೋರಾಗಿ ಅತ್ತರು. "ಸತ್ ಮೇಲೂ ಬುಡಲ್ವಲ್ಲ ನೀವು" ಅಂದರು.

ಬಿಡಲಿಲ್ಲ, ನಿಜ. ನಾವು ಅವರನ್ನು ಯಾವತ್ತೂ ಬಿಟ್ಟಿರಲಿಲ್ಲ. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೈನ್‌ಮನ್ ಆಗಿದ್ದವರು. ಬಹಳ ವರ್ಷ ಗುಬ್ಬಿಯಲ್ಲಿ, ಒಂದಷ್ಟು ಕಾಲ ಕುಣಿಗಲ್ಲಿನಲ್ಲಿ, ಕೊನೆಗೆ ತುಮಕೂರಿನಲ್ಲಿ. ನಮ್ಮ ಮನೆಯ ಉತ್ತರದ ಸೈಟಿನಲ್ಲಿ ಮನೆ ಕಟ್ಟಿಕೊಂಡರು. ನಿವೃತ್ತರಾದ ಮೇಲೂ ಬೀದಿಯಲ್ಲಿ ಫ್ಯಾನು ನಿಂತರೆ ಜನ ಕಚೇರಿಗೆ ಫೋನ್ ಮಾಡುತ್ತಿರಲಿಲ್ಲ, ಅವರ ಗೇಟು ಬಡಿಯುತ್ತಿದ್ದರು. ಬಡಿಯುವಾಗಲೇ ಬಯ್ಯುತ್ತಿದ್ದರು. ನಾನು ಇನ್ನು ಕೆಲಸದಲ್ಲಿಲ್ಲ ಕಣ್ರಪ್ಪ ಎಂದು ಹೇಳುತ್ತಲೇ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು.

ಈಗ ನನ್ನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ನನ್ನ ಬಗ್ಗೆ ಹೇಳಿಕೊಳ್ಳುವುದು ನನಗೆ ಎಂದೂ ಕಷ್ಟವಾಗಿಲ್ಲ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದವನು. ಜಗತ್ತಿಗೆ ನಾಳೆ ಎಷ್ಟು ಇಂಧನ ಬೇಕು, ಅದು ಎಲ್ಲಿಂದ ಬರಬೇಕು, ಭೂಮಿ ಕಾದ ಹಂಚಾಗದಂತೆ ಸರ್ಕಾರಗಳು ಏನು ಮಾಡಬೇಕು ಎನ್ನುವುದು ನನ್ನ ವಿಷಯ. ಈ ಬಗ್ಗೆ ಹನ್ನೊಂದು ಪ್ರಬಂಧ ಬರೆದಿದ್ದೇನೆ. ಅವನ್ನು ಪೂರ್ತಿ ಓದಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತು ಪಾಸಾದ ನಮ್ಮ ಲೈನ್‌ಮನ್.

ಓದಿ ಸುಮ್ಮನಿರುವ ಆಸಾಮಿಯಲ್ಲ. ಒಂದು ಭಾನುವಾರ ನನ್ನ ಪ್ರಬಂಧವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದರು. ಇಂಥಿಂಥ ದೇಶ ಇಂಥ ವರ್ಷದೊಳಗೆ ಹೊಗೆ ಪೂರ್ತಿ ನಿಲ್ಲಿಸುತ್ತದೆ ಎಂದು ನಾನು ಬರೆದಿದ್ದ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿದ್ದರು. ಆ ವರ್ಷ ನೀವು ಇರ್ತೀರಾ ಅಂತ ಕೇಳಿದರು. ಇರಲಾರೆ ಅಂದೆ. ಮಾತು ಕೊಟ್ಟ ಮಂತ್ರಿಗಳು ಇರ್ತಾರಾ ಅಂದರು. ಅವರೂ ಇರಲಾರರು ಅಂದೆ. "ಹಂಗಾದ್ರೆ ಅವತ್ತು ಯಾರ್ ಕೊರಳಪಟ್ಟಿ ಹಿಡ್ಕೊಂಡು ಕೇಳೋದು ಮೇಷ್ಟ್ರೇ?" ಅಂದರು. ನಾನು ಕಾಫಿ ತರಿಸಿದೆ. ಉತ್ತರ ಗೊತ್ತಿಲ್ಲದಾಗ ಕಾಫಿ ತರಿಸುವುದು ನಮ್ಮ ವೃತ್ತಿಯ ಪದ್ಧತಿ.

ಅವರ ಲೆಕ್ಕಕ್ಕೆ ಒಂದೇ ಅಳತೆ, ಐದು ಎಚ್‌ಪಿ ಮೋಟಾರು. ಎಲ್ಲವನ್ನೂ ಬೋರ್‌ವೆಲ್ ಮೋಟಾರಿಗೆ ಇಳಿಸದೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅಮೆರಿಕದವನು ಖರ್ಚು ಮಾಡುವ ಶಕ್ತಿಯ ಬಗ್ಗೆ ನಾನು ಅರ್ಧ ಗಂಟೆ ಹೇಳಿದರೆ, ಅವನ ನೆತ್ತಿಯ ಮೇಲೆ ಹಗಲೂ ರಾತ್ರಿ ಮೋಟಾರು ಓಡ್ತಾನೇ ಇದೆ ಅನ್ನಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೆಲಿಕಾಪ್ಟರ್ ಕಾರ್ಖಾನೆ ಇರುವ ಬಿದರೆಹಳ್ಳ ಕಾವಲ್ ಕಡೆಯ ಆಕಾಶದಲ್ಲಿ ಹೆಲಿಕಾಪ್ಟರ್ ಹಾರಿದರೆ ಮಕ್ಕಳು ಟಾಟಾ ಮಾಡುತ್ತವೆ. ಇವರು ಮಾತ್ರ ಹುಬ್ಬಿಗೆ ಕೈ ಹಿಡಿದು, ಅದನ್ನ ಒಂದು ಬಾವಿಗೆ ಇಳಿಸಿದರೆ ಎಷ್ಟು ಎಕರೆ ತೋಟ ನೆನೆಯಬಹುದು ಎಂದು ಯೋಚಿಸುತ್ತಿದ್ದರು. ಅಳಿಯ ಕುಣಿಗಲ್ಲಿನಿಂದ ಹೊಸ ಕರೆಂಟ್ ಸ್ಕೂಟರಿನಲ್ಲಿ ಬಂದು, ಮಾವ ನೋಡಿ ಹೊಗೆಯೇ ಇಲ್ಲ ಎಂದಾಗ, ಹೊಗೆ ಎಲ್ಲಿಗೆ ಹೋಯ್ತದೆ, ಕರೆಂಟ್ ಮಾಡೋಕೆ ಕಲ್ಲಿದ್ದಲು ಉರಿಸೋ ಊರಿಗೆ ಹೋಗೈತೆ, ಅಲ್ಲಿನೋರು ಕೆಮ್ತಾವ್ರೆ ಅಂದರು. ಆದರೂ ಹಿಂದಿನ ಸೀಟಿನಲ್ಲಿ ಕೂತು ಮರಳೂರಿನವರೆಗೆ ಒಂದು ಸುತ್ತು ಹೋಗಿ ಬಂದರು. ಬಂದವರು, ಚೆನ್ನಾಗೈತೆ ಕಣಯ್ಯ, ಸದ್ದೇ ಇಲ್ದೆ ನಾಯಿಗಳು ಗಾಬರಿ ಬೀಳ್ತವೆ ಎಂದು ಸರ್ಟಿಫಿಕೇಟ್ ಕೊಟ್ಟರು.

ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರನ್ನು ಎಲ್ಲರ ಹಾಗೆ ಅವರೂ ಟಿಸಿ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಅದರ ಬೇಲಿಯಾಚೆ ನಿಂತು ಅದರ ಗುಂಯ್ ಶಬ್ದವನ್ನು ಸಂಗೀತ ಕೇಳುವವರಂತೆ ತಲೆ ಓರೆ ಮಾಡಿ ಕೇಳುವುದು ಅವರ ವಾಕಿಂಗ್. ಇಷ್ಟು ದಪ್ಪ ಗುಂಯ್ ಅಂದರೆ ಗೀಸರ್ ಶುರುವಾದವು, ಸಣ್ಣಗಾಯಿತು ಅಂದರೆ ಮೇಷ್ಟ್ರುಗಳೆಲ್ಲ ಸ್ನಾನ ಮುಗಿಸಿದರು. ಚಟ್ನಿ ರುಬ್ಬುವ ಹೊತ್ತಿಗೆ ಇನ್ನೊಂದು ಸ್ವರ. ಜಗತ್ತಿನ ಬೇಡಿಕೆ ಊಹಿಸಲು ದೊಡ್ಡ ದೊಡ್ಡ ಸಂಸ್ಥೆಗಳಿವೆ ಎಂದು ನಾನು ಬಿಗುಮಾನದಿಂದ ಹೇಳಿದ್ದೆ. ಜರ್ಮನಿಯವನೂ ಬೆಳಿಗ್ಗೆಯೇ ತಾನೇ ಸ್ನಾನ ಮಾಡೋದು ಅಂದರು.

ಅವರ ದೊಡ್ಡ ಸಾಧನೆ ನಡೆದದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತೋಟದ ಮೋಟಾರುಗಳಿಗೆ ಬೇಕಾದ ತ್ರೀಫೇಸ್ ಕರೆಂಟನ್ನು ಅಲ್ಲಿ ದಿನಕ್ಕೆ ಕೆಲವು ಗಂಟೆ ಮಾತ್ರ ಕೊಡುತ್ತಿದ್ದರು. ಯಾವಾಗ ಬರುತ್ತದೋ ಎಂದು ಕಾಯುವವರು ಯಾರು? ಪ್ರತಿಯೊಬ್ಬ ರೈತನೂ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿದ್ದ. ಕರೆಂಟು ಬಂದ ಕ್ಷಣವೇ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು, ಟಿಸಿ ಢಂ ಎಂದು ಸುಟ್ಟುಹೋಗುತ್ತಿತ್ತು. ಆಮೇಲೆ ಟ್ರ್ಯಾಕ್ಟರಿನಲ್ಲಿ ಹೊಸ ಟಿಸಿ ತಂದು, ಅದಕ್ಕೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆಯುವುದು. ಪೂಜೆ ಮುಗಿದು ಕರೆಂಟು ಕೊಟ್ಟ ಕೂಡಲೇ ಮತ್ತೆ ಢಂ. ಒಂದೊಂದಾಗಿ ಶುರು ಮಾಡಿ ಎಂದು ಇಂಜಿನಿಯರುಗಳು ಬಂದು ಭಾಷಣ ಮಾಡಿದರು. ಜನ ಹೂಂ ಅಂದರು, ಸ್ಟಾರ್ಟರ್ ಹಾಗೆಯೇ ಇತ್ತು. ನಾನು ಮೊದಲು ಯಾಕೆ ನಿಲ್ಲಿಸಲಿ ಅನ್ನುವುದು ಎಲ್ಲರ ಪ್ರಶ್ನೆ. ಜಗತ್ತಿನ ಹವಾಮಾನ ಸಭೆಗಳಲ್ಲೂ ಇದೇ ಪ್ರಶ್ನೆ, ಕೇಳುವವರು ಟೈ ಕಟ್ಟಿರುತ್ತಾರೆ ಅಷ್ಟೆ.

ನಮ್ಮ ಲೈನ್‌ಮನ್ ಭಾಷಣ ಮಾಡಲಿಲ್ಲ. ಆ ಊರಿನ ಬಸವಣ್ಣನ ಗುಡಿಗೆ ಯಾವ ಮನೆಯ ಆರತಿ ಮೊದಲು, ಯಾವ ಮನೆಯದು ಆಮೇಲೆ ಎಂಬ ಕ್ರಮ ತಾತನ ಕಾಲದಿಂದ ನಡೆದುಬಂದಿತ್ತು. ಅದನ್ನು ದಾಟುವ ಧೈರ್ಯ ಯಾರಿಗೂ ಇಲ್ಲ. ಆರತಿ ಬಂದ ಕ್ರಮದಲ್ಲೇ ಮೋಟಾರು ಎದ್ದೇಳಲಿ, ಬಸವಣ್ಣ ನೋಡ್ತಾ ಇರ್ತಾನೆ ಎಂದು ಗುಡಿಯ ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿಸಿದರು. ಸ್ಟಾರ್ಟರುಗಳು ಕಳಚಿ ಬಿದ್ದವು. ಮೊದಲ ಆರತಿಯವರು ಸ್ವಿಚ್ ಹಾಕಿ ಕೂಗು ಹಾಕುವುದು, ಪಕ್ಕದ ತೋಟದವರು ಹಾಕಿ ಕೂಗುವುದು. ಎರಡು ವರ್ಷ ಆ ಟಿಸಿ ಸುಡಲಿಲ್ಲ. ಆಮೇಲೆ ಮೊದಲ ಆರತಿಯ ಮನೆಯ ಅಣ್ಣತಮ್ಮಂದಿರು ಪಾಲಾಗಿ, ಮೊದಲ ಆರತಿ ನನ್ನದು ನನ್ನದು ಎಂದು ಇಬ್ಬರೂ ಒಟ್ಟಿಗೆ ಸ್ವಿಚ್ ಹಾಕಿದರಂತೆ. ಅವರ ಪಂಥಕ್ಕೆ ಉಳಿದವರೂ ಹಾಕಿದರು. ಢಂ. ಈ ವಿಷಯದಲ್ಲಿ ನಾನು ಒಂದು ಪ್ರಬಂಧ ಬರೆದು ಮೈಸೂರಿನಲ್ಲಿ ಓದಿದ್ದೇನೆ. ಅದರಲ್ಲಿ ಇವರ ಹೆಸರಿನ ಜಾಗದಲ್ಲಿ ಸ್ಥಳೀಯ ನೌಕರರೊಬ್ಬರು ಎಂದಿದೆ.

ಕುಣಿಗಲ್ಲಿಗೆ ವರ್ಗವಾದದ್ದು ಶಿಕ್ಷೆಯಾಗಿ. ಒಬ್ಬ ಪುಢಾರಿಯ ಮಗಳ ಮದುವೆಯ ಸೀರಿಯಲ್ ಲೈಟಿಗೆ ಕಂಬದಿಂದಲೇ ಕೊಕ್ಕೆ ಹಾಕಿ ಕರೆಂಟು ಎಳೆದಿದ್ದರು. ಧಾರೆಗೆ ಮುಂಚೆ ಇವರು ಏಣಿ ಹಾಕಿ ಕೊಕ್ಕೆ ಕಿತ್ತು, ಕೆಳಗಿಳಿದು, ಊಟದ ಪಂಕ್ತಿಯಲ್ಲಿ ಕೂತರು. ಕರೆದಿದ್ದರು, ಉಣ್ಣದೆ ಬರೋಕಾಯ್ತದಾ ಎಂಬುದು ಅವರ ವಾದ. ಎರಡನೇ ಸಲ ಪಾಯಸ ಬಡಿಸಿಕೊಳ್ಳುವಾಗ ಪುಢಾರಿಯ ಕಡೆಯವರು ಹುಡುಕಿಕೊಂಡು ಬಂದರಂತೆ.

ನಗುತ್ತಲೇ ಇದನ್ನೆಲ್ಲ ಹೇಳುತ್ತಿದ್ದ ಮನುಷ್ಯ ಒಂದು ವಿಷಯ ಬಂದಾಗ ಮಾತ್ರ ನಗುತ್ತಿರಲಿಲ್ಲ. ನಿವೃತ್ತಿಯಾದ ವರ್ಷ, ನಮ್ಮ ಜಗಲಿಯ ಮೇಲೆ ಕೂತು, ಬೆರಳುಗಳ ನಡುವಿನ ಹಳೆಯ ಸುಟ್ಟ ಗಾಯವನ್ನು ಉಜ್ಜಿಕೊಳ್ಳುತ್ತಾ ಹೇಳಿದರು. "ಮೂವತ್ತು ವರ್ಷ ಜನ ನನ್ನ ನೆನೆಸಿಕೊಂಡಿದ್ದೇ ಕರೆಂಟ್ ಹೋದಾಗ ಮೇಷ್ಟ್ರೇ. ಬಂದಾಗ ಯಾರೂ ನೆನೆಸ್ಕಳ್ಳಿಲ್ಲ. ಸಾಯೋದ್ರೊಳಗೆ, ಇವ್ನು ನಮಗೆ ಕರೆಂಟ್ ಕೊಟ್ಟ ಅಂತ ಒಬ್ರ ಬಾಯಲ್ಲಿ ಕೇಳ್ಬೇಕು. ಒಂದ್ ಸಲ ಸಾಕು."

ಅದಕ್ಕೆಂದೇ ಅವರು ತಾರಸಿಯ ಮೇಲೆ ಸೋಲಾರ್ ಹಾಕಿಸಿದರು. ಬಿಸಿನೀರಿನದಲ್ಲ, ಕರೆಂಟಿನದು. ಹಗಲು ಮನೆಗೆ ಬಳಸಿ ಮಿಕ್ಕ ಕರೆಂಟು ಬೀದಿಯ ತಂತಿಗೆ ಹರಿಯುತ್ತದೆ. ತೆಗೆದುಕೊಂಡದ್ದೆಷ್ಟು, ಕೊಟ್ಟದ್ದೆಷ್ಟು ಎಂದು ಎರಡೂ ಕಡೆ ತೋರಿಸುವ ಮೀಟರು. ಒಂದು ತಿಂಗಳಾದರೂ ಕೊಟ್ಟದ್ದು ಜಾಸ್ತಿ ಎಂದು ಅದರಲ್ಲಿ ಬರಬೇಕು, ಅದನ್ನು ಮೀಟರ್ ಓದುವವರು ಬೀದಿಯಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು. ಇಷ್ಟೇ ಅವರ ಆಸೆ. ಹಾಕಿಸಿದ ದಿನ ಇಡೀ ಬೀದಿಗೆ ಕೇಸರಿಬಾತ್ ಹಂಚಿದರು.

ಆದರೆ ನಮ್ಮ ಹಿತ್ತಲಿನಲ್ಲಿ, ಅವರ ಕಾಂಪೌಂಡಿಗೆ ಒತ್ತಿಕೊಂಡು, ಒಂದು ತೆಂಗಿನ ಮರವಿದೆ.

ಮನೆ ಕಟ್ಟಿದ ವರ್ಷ ಅಮ್ಮ ನೆಟ್ಟಿದ್ದು. ಅವರ ಮನೆಗೆ ಅದು ದಕ್ಷಿಣ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ, ಬಿಸಿಲು ಚುರುಕಾಗಿರುವ ಹೊತ್ತಿಗೆ ಸರಿಯಾಗಿ, ಅದರ ಗರಿಗಳ ನೆರಳು ಆ ಸೋಲಾರ್ ಹಲಗೆಗಳ ಮೇಲೆ ಗಾಳಿಗೆ ಓಲಾಡುತ್ತಿತ್ತು. ಒಂದು ಹಲಗೆಯ ಮೇಲೆ ಒಂದು ಗರಿಯ ನೆರಳು ಬಿದ್ದರೆ ಇಡೀ ಸಾಲೇ ಮಲಗಿಬಿಡುತ್ತದೆಯಂತೆ. ಬದುಕೆಲ್ಲ ತಂತಿಗೆ ತಾಗುವ ಗರಿ ಕಡಿದವರು, ಹಲಗೆ ಹಾಕಿಸುವಾಗ ತಲೆ ಎತ್ತಿ ಮರ ನೋಡಲಿಲ್ಲ. ತುಮಕೂರು ಸೀಮೆಯವರಿಗೆ ತೆಂಗಿನ ಮರ ಕಣ್ಣಿಗೆ ಬೀಳುವುದೇ ಇಲ್ಲ, ಅದು ಆಕಾಶದ ಭಾಗ. ತಿಂಗಳು ತಿಂಗಳೂ ಮೀಟರ್ ಓದುವವರು ಬಂದು, ಎಳ್ಕೊಂಡಿದ್ದೇ ಜಾಸ್ತಿ ಯಜಮಾನ್ರೇ ಎಂದು ಹೇಳಿ ಹೋಗುತ್ತಿದ್ದರು. ಇವರು ಸೀಮೆಸುಣ್ಣ ಹಿಡಿದು, ಗಂಟೆಗೊಮ್ಮೆ ನೆರಳಿನ ಅಂಚನ್ನು ತಾರಸಿಯ ಮೇಲೆ ಗೀಚುತ್ತಾ ಹೋದರು. ಅವರ ತಾರಸಿ ಹಬ್ಬದ ಅಂಗಳದ ಹಾಗಾಯಿತು.

ಕೊನೆಗೆ ಕಾಂಪೌಂಡಿನ ಆಚೆ ಈಚೆ ಮಾತುಕತೆ ಶುರುವಾಯಿತು. ನಾನು ಎಷ್ಟೋ ಜಾಗತಿಕ ಹವಾಮಾನ ಒಪ್ಪಂದಗಳ ನಡಾವಳಿ ಓದಿದ್ದೇನೆ, ಇಷ್ಟು ಬಿಗಿಯಾದ ಚರ್ಚೆ ಎಲ್ಲೂ ಕಂಡಿಲ್ಲ. ಒಂದು ಪಕ್ಷ ಅಮ್ಮ, ಇನ್ನೊಂದು ಅವರು. ಮರ ಮೊದಲು ಬಂತು, ನಿನ್ನ ಗಾಜು ಆಮೇಲೆ ಬಂತು ಎಂದು ಅಮ್ಮ ಇತಿಹಾಸ ತೆಗೆದರು. ಭೂಮಿ ಕಾಯ್ತಾ ಐತಂತೆ ಅವ್ವ, ನಿಮ್ಮ ಮಗನೇ ಬರ್ದವ್ರೆ ಎಂದು ಅವರು ನನ್ನನ್ನು ಎಳೆದರು. ಭೂಮಿ ಕಾದರೆ ನೆರಳು ಬೇಕಲ್ವೇನ್ಲಾ ಎಂದು ಅಮ್ಮ. ತಿಂಗಳಿಗೆ ಎರಡು ಗರಿ ಇಳಿಸಬಹುದು ಎಂದು ಅಮ್ಮನ ಪ್ರಸ್ತಾವ. ಐದು ಎಂದು ಅವರ ಬೇಡಿಕೆ. ಮೂರಕ್ಕೆ ಒಪ್ಪಂದವಾಯಿತು. ಅದರ ಉಸ್ತುವಾರಿಗೆ ಸಮಿತಿ ನಾನು. ಸಮಿತಿ ಸೇರಲಿಲ್ಲ. ಸಮಿತಿಗೆ ಪರೀಕ್ಷೆಯ ಪತ್ರಿಕೆ ತಿದ್ದುವುದಿತ್ತು. ಗರಿ ಇಳಿಸಿದಷ್ಟೂ ಮರ ಹೊಸ ಸುಳಿ ಬಿಟ್ಟು ಮೇಲಕ್ಕೆ ಹೋಯಿತು.

ಮರವನ್ನೇ ತೆಗೆಯೋಣ ಎಂದು ನಾನು ಹೇಳಬಹುದಿತ್ತು. ಹವಾಮಾನ ನೀತಿಯ ಮೇಲೆ ಹನ್ನೊಂದು ಪ್ರಬಂಧ ಬರೆದವನು ಒಂದು ಮಾತು ಹೇಳಲಿಲ್ಲ. ಆ ಮರದ ಎಳನೀರು ಬಹಳ ಸಿಹಿ.

ಒಂದು ಮಧ್ಯಾಹ್ನ ಅಮ್ಮ ಹಿತ್ತಲಿಗೆ ಹೋದವರು ಅಲ್ಲೇ ನಿಂತರು. ಆಚೆ ತಾರಸಿಯಲ್ಲಿ ಅರವತ್ತೈದು ದಾಟಿದ ಆ ಮನುಷ್ಯ ತಲೆಗೆ ಟವಲು ಸುತ್ತಿಕೊಂಡು, ಉದ್ದನೆಯ ಬಿದಿರಿನ ಗಳು ಎತ್ತಿ, ಒಂದು ಗರಿಯನ್ನು ಆಚೆಗೆ ನೂಕಿ ಹಿಡಿದು ನಿಂತಿದ್ದರು, ತಮ್ಮ ಹಲಗೆಗೆ ಬಿಸಿಲು ಬೀಳಲಿ ಎಂದು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಹೆಂಡತಿ ಒಳಗಿನಿಂದ, ಊಟಕ್ಕೆ ಕರೆದು ಮುದ್ದೆ ತಣ್ಣಗಾಯ್ತು ಅಂದರು. ಅಮ್ಮ ಒಳಗೆ ಬಂದರು. ಸಂಜೆ ನನ್ನನ್ನು ಕರೆದು, ಮುಂಡೇದು ಬಿಸಿಲಲ್ಲಿ ಬಿದ್ದು ಸಾಯ್ತದೆ, ಕಡಿಸಿಬುಡು ಮರನ ಅಂದರು.

ಸೋಮವಾರ ಬೇಡವೆಂದು ಮಂಗಳವಾರ ಗೊತ್ತಾಯಿತು. ಮರ ಕಡಿಯುವವರು ಹಗ್ಗ, ಗರಗಸ ತಂದರು. ನಮ್ಮ ಲೈನ್‌ಮನ್ ಹೊಸ ಪಂಚೆ ಉಟ್ಟು ಬಂದರು. ಅಮ್ಮ ಬೆಳಗಿನ ಜಾವವೇ ಎದ್ದು ಮರದ ಬುಡ ತೊಳೆದು, ಅರಿಶಿನ ಕುಂಕುಮ ಇಟ್ಟು, ವಿಭೂತಿ ಹಚ್ಚಿ, ಒಂದು ಚೆಂಬು ನೀರು ಹಾಕಿ, ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಅಳುತ್ತಿರಲಿಲ್ಲ. ಆದರೆ ಎದ್ದು ಬರುತ್ತಲೂ ಇರಲಿಲ್ಲ. ಕಡಿಯುವವರು ಗಡಿಯಾರ ನೋಡಿಕೊಂಡರು. ನಾನು ಅಮ್ಮನ ತೋಳು ಹಿಡಿದೆ. ಆಗ ಅವರು, ಬುಡಿ ಮೇಷ್ಟ್ರೇ ಎಂದು ನನ್ನ ಕೈ ತೆಗೆಸಿ, ಅಮ್ಮನ ಪಕ್ಕ ಕುಕ್ಕುರುಗಾಲಲ್ಲಿ ಕೂತರು.

"ಬ್ಯಾಡ ಅವ್ವ. ಒಬ್ರ ಮನೆದು ಕಿತ್ತು ಇನ್ನೊಬ್ರ ಮನೆಗೆ ಕೊಡೋ ಕೆಲಸ ಮೂವತ್ತು ವರ್ಷ ಮಾಡಿದೀನಿ. ಸಾಕು" ಅಂದರು.

ಅಮ್ಮ ಅವರ ತಲೆಯ ಮೇಲೆ ಕೈಯಿಟ್ಟರು. ನಾನು ಮರ ಕಡಿಯುವವರಿಗೆ ಕಾಫಿ ತರಿಸಿದೆ. ಅಷ್ಟರಲ್ಲಿ ಅವರು ತಲೆ ಎತ್ತಿ ನಮ್ಮ ತಾರಸಿ ನೋಡುತ್ತಿದ್ದರು. ಮರ ನಮ್ಮ ಮನೆಗೆ ಉತ್ತರ. ನಮ್ಮ ತಾರಸಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಅಮ್ಮನ ಸಂಡಿಗೆ ಬಿಟ್ಟರೆ ಬೇರೇನೂ ಇಲ್ಲ. ಹಲಗೆಗಳನ್ನು ಅಲ್ಲಿಗೆ ತರುತ್ತೇನೆ ಅಂದರು. ಅಲ್ಲಿಂದ ನಿಮ್ಮ ಮನೆಗೆ ತಂತಿ ಎಳೆದುಕೊಳ್ಳಿ ಅಂದೆ ನಾನು. ಅವರು ನನ್ನನ್ನು ಪಾಪದವನಂತೆ ನೋಡಿದರು. ತಾರಸಿ ಯಾರದೋ ಮೀಟರೂ ಅವರದ್ದೇ ಆಗಬೇಕು, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತಂತಿ ಎಳೆದವರನ್ನೆಲ್ಲ ಹಿಡಿದವನೇ ನಾನು ಅಂದರು. ಹಾಗಾದರೆ ಕೊಟ್ಟ ಕರೆಂಟೆಲ್ಲ ನನ್ನ ಹೆಸರಿಗೆ ಬೀಳುತ್ತದಲ್ಲ ಎಂದೆ. ಬೆರಳುಗಳ ನಡುವಿನ ಹಳೆಯ ಗಾಯ ಉಜ್ಜಿಕೊಂಡರು. ಆಮೇಲೆ, ಯಾರ ಹೆಸರಾದ್ರೇನು, ಹಾಕಿದ್ಯಾರು ಅಂತ ನಿಮಗೆ ಗೊತ್ತಲ್ಲ ಮೇಷ್ಟ್ರೇ, ನೀವು ಹೇಳ್ತೀರಲ್ಲ ಅಂದರು. ಹೇಳದೆ ಇರ್ತೀನಾ ಅಂದೆ. ಬೆಲೆಯ ಮಾತೆತ್ತಿದಾಗ ಎದ್ದೇ ಹೋದರು.

ಆಮೇಲೆ ಅವರ ದಿನಚರಿ ನಮ್ಮ ಮನೆಯಲ್ಲೇ. ಬೆಳಿಗ್ಗೆ ಟಿಸಿಯ ಸಂಗೀತ ಕೇಳಿ, ಬಕೆಟ್ಟು ಬಟ್ಟೆ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಹಲಗೆ ಒರೆಸುತ್ತಿದ್ದರು. ಒರೆಸುವಾಗ ಮೇಲಿನಿಂದಲೇ ಅಮ್ಮನೊಡನೆ ಜಗಳ, ಸಂಡಿಗೆಯ ಮೊರ ಹಲಗೆಗೆ ಒರಗಿಸಿದ್ದಕ್ಕೆ. ಇಳಿದು ಬಂದು ಕಾಫಿ. ಎರಡನೆಯ ತಿಂಗಳು ಮೀಟರ್ ಓದುವವರು ನಮ್ಮ ಗೇಟಿನಲ್ಲಿ ನಿಂತು, ಕೊಟ್ಟಿದ್ದೇ ಜಾಸ್ತಿ ಸಾರ್ ನೀವು, ಈ ಬೀದಿಯಲ್ಲಿ ನೀವೇ ಮೊದಲು ಅಂದರು. ನಮ್ಮ ಲೈನ್‌ಮನ್ ತಮ್ಮ ಕಾಂಪೌಂಡಿನ ಹತ್ತಿರ ನಿಂತು ಕೇಳಿಸಿಕೊಂಡರು. ನನ್ನ ಕಡೆ ನೋಡಿದರು. ನಾನು ಥ್ಯಾಂಕ್ಸ್ ಎಂದು ಮೀಟರ್ ಓದುವವರಿಗೆ ಹೇಳಿದೆ.

ಸುದ್ದಿ ಹರಡಿತು. ಊರಿನ ಒಂದು ಸಂಘದವರು ಬಂದು, ಬರೆದಂತೆ ಬದುಕಿದ ಪ್ರಾಧ್ಯಾಪಕರು ಎಂದು ನನ್ನನ್ನು ಸನ್ಮಾನಿಸುತ್ತೇವೆ ಅಂದರು. ನಾನು ಒಪ್ಪಿಕೊಂಡೆ. ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಅಲ್ಲೇ ನಮ್ಮ ಲೈನ್‌ಮನ್ನಿನ ಹೆಸರು ಹೇಳಿಬಿಡುತ್ತೇನೆ ಎಂದು ಅಂದುಕೊಂಡೆ, ಅವರಿಗೂ ತಪ್ಪದೆ ಬರಲು ಹೇಳಿದೆ. ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಹೊಸದಾಗಿ ಕ್ಷೌರ ಮಾಡಿಸಿದ ಕೆನ್ನೆ. ಮೂರನೆಯ ಸಾಲಿನಲ್ಲಿ ಕೂತರು.

ಜಾಗತಿಕ ಇಂಧನದ ನಾಳೆಗಳು ಎಂಬ ವಿಷಯವಾಗಿ ನಾನು ಮಾತಾಡಿದೆ. ಕಲ್ಲಿದ್ದಲು ಬಂತು, ತೈಲ ಬಂತು, ಗಾಳಿ ಬಂತು. ದೊಡ್ಡ ದೇಶಗಳ ಹೊಣೆ ಏನು, ಸಣ್ಣವರ ಪಾಡೇನು ಎಂದು ವಿವರಿಸಿದೆ. ಗುಬ್ಬಿಯ ಮೋಟಾರುಗಳ ಕತೆ ಹೇಳಿ ನಗಿಸಿದೆ, ಬಹಳ ಚಪ್ಪಾಳೆ ಬಿತ್ತು. ಅವರ ಹೆಸರನ್ನು ಕೊನೆಯಲ್ಲಿ ಹೇಳಿದರೆ ಪರಿಣಾಮ ಹೆಚ್ಚು ಎಂದು ಕೊನೆಗೆ ಇಟ್ಟುಕೊಂಡಿದ್ದೆ. ಕೊನೆ ಬರುವ ಹೊತ್ತಿಗೆ ಕಾರ್ಯದರ್ಶಿಗಳು ಒಂದು ಚೀಟಿ ಕೊಟ್ಟರು, ಊಟ ತಣ್ಣಗಾಗುತ್ತಿದೆ ಎಂದು. ಹಾರ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೋದವರು ಈ ಕಡೆ ನೋಡಿ ಸಾರ್ ಅಂದರು. ನೋಡಿದೆ. ಚೀಟಿಯ ಮೇಲೆ ತಪ್ಪು ಹೊರಿಸಿ ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೇನೆ. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಬರೆದಂತೆ ಬದುಕಿದವರು ಎಂದು ಜನ ಚಪ್ಪಾಳೆ ತಟ್ಟುತ್ತಿದ್ದಾಗ ಆ ಮಾತು ನನಗೆ ಹಿತವಾಗಿತ್ತು, ಅಷ್ಟೇ ಸತ್ಯ.

ವಾಪಸ್ ಬರುವಾಗ ಅವರು ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಹಿಡಿದುಕೊಂಡು ಕೂತಿದ್ದರು. ಚೆನ್ನಾಗಿ ಮಾತಾಡಿದ್ರಿ ಮೇಷ್ಟ್ರೇ ಅಂದರು. ಮರುದಿನವೂ ಬಂದು ಹಲಗೆ ಒರೆಸಿದರು, ಅಮ್ಮನೊಡನೆ ಜಗಳವಾಡಿದರು, ಕಾಫಿ ಕುಡಿದರು. ನಾನು ಇನ್ನೊಂದು ಸಭೆಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಒಂದು ವರ್ಷದಲ್ಲಿ ಅಂಥ ನಾಲ್ಕು ಸಭೆಗಳಾದವು. ಐದನೆಯದಕ್ಕೆ ಮುಂಚೆ ಅವರು ಎದೆನೋವೆಂದು ಮಲಗಿ, ಮೂರು ದಿನಕ್ಕೆ ಹೋಗಿಬಿಟ್ಟರು.

ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಮಾರನೆಯ ದಿನ ಅವರ ಮನೆಗೆ ಹೋದೆ. ಅವರ ಬಗ್ಗೆ ಒಂದು ಲೇಖನ ಬರೆಯುತ್ತೇನೆ, ನಮ್ಮ ಬೀದಿಗೆ ಕರೆಂಟು ಕೊಟ್ಟವರು ಅವರು, ಅವರ ಹೆಸರು, ಫೋಟೋ ಎಲ್ಲ ಹಾಕಿಸುತ್ತೇನೆ ಎಂದು ಅವರ ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದರು. ಆರಿಸುತ್ತಲೇ, ಸನ್ಮಾನದ ದಿನ ಬೆಳಿಗ್ಗೆ ಅವರು ಬೀರುವಿನ ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡು, ಕೂತು ಎದ್ದು, ಎದ್ದು ಕೂತು, ಕೈ ಮುಗಿಯುವುದನ್ನು ಅಭ್ಯಾಸ ಮಾಡಿದರು ಎಂದು ಹೇಳಿದರು. ಮೇಷ್ಟ್ರು ಹೆಸರು ಕರೆದಾಗ ಎಷ್ಟು ಬಗ್ಗಬೇಕು ಎಂದು ಈಕೆಯನ್ನೇ ಕೇಳಿದರಂತೆ.

ಈಗಲಾದರೂ ಹೆಸರು ಹಾಕುತ್ತೇನೆ ಎಂದೆ.

"ಬ್ಯಾಡ ಬುಡಿ ಮೇಷ್ಟ್ರೇ" ಅಂದರು. ದನಿಯಲ್ಲಿ ಕೋಪವಿರಲಿಲ್ಲ. "ಅವತ್ತು ಕರ್ದಿದ್ರೆ ಎದ್ದು ನಿಲ್ತಿದ್ರು. ಈಗ ಕರೆದ್ರೆ ಯಾರು ಎದ್ದು ನಿಲ್ತಾರೆ?"

ಅದಕ್ಕೆ ಇಲ್ಲಿ ಅವರ ಹೆಸರಿಲ್ಲ.